‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’: ಎರಡು ಬಾರಿ ಕಲಿಸಿದ ಪಾಠ

ಬೋಧನಾಭ್ಯಾಸದ ಮೂರನೆಯ ವಾರ ಎಂಟನೆಯ ತರಗತಿಗೆ ನಾನು ಆರಿಸಿಕೊಂಡದ್ದು ಈ ಘಟಕ. ಶಾಲೆ ಹುಣಸೂರು ತಾಲ್ಲೂಕಿನಲ್ಲಿ, ವೀರನಹೊಸಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿದೆ. ಪಾಠಯೋಜನೆಯನ್ನು 5ಇ ಮಾದರಿಯಲ್ಲಿ ಬರೆದಿದ್ದೆ, ಚಾರ್ಟುಗಳೂ ಸಿದ್ಧವಾಗಿದ್ದವು. ಪಠ್ಯಪುಸ್ತಕ ಮಧ್ಯಪ್ರದೇಶದ ಪಚ್‌ಮಢಿ ಜೀವಗೋಳ ಮೀಸಲು ಪ್ರದೇಶವನ್ನು ಉದಾಹರಣೆಯಾಗಿ ಕೊಡುತ್ತದೆ. ನಾನೂ ಅದರ ನಕ್ಷೆಯನ್ನೇ ಬಿಡಿಸಿಕೊಂಡು ಹೋಗಿದ್ದೆ. ಶಾಲೆಯಿಂದ ಸೈಕಲ್ಲಿನಲ್ಲಿ ಹೋಗಿಬರಬಹುದಾದ ನಾಗರಹೊಳೆ ಕಾಡು, 1986ರಲ್ಲಿ ಘೋಷಣೆಯಾದ ದೇಶದ ಮೊದಲ ಜೀವಗೋಳ ಮೀಸಲಾದ ನೀಲಗಿರಿಯ ಭಾಗ ಎಂಬ ಸಂಗತಿ ನನ್ನ ಯೋಜನೆಯಲ್ಲಿ ಎಲ್ಲೂ ಇರಲಿಲ್ಲ.

ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ತೂಕಡಿಸುತ್ತಿದ್ದ. ಎಬ್ಬಿಸಿ, “ಆನೆಗಳನ್ನು ನಾವೇಕೆ ಉಳಿಸಬೇಕು?” ಎಂದು ಕೇಳಿದೆ.

“ರಾತ್ರಿಯೆಲ್ಲ ಅಪ್ಪನ ಜೊತೆ ಅಟ್ಟಣೆ ಮೇಲಿದ್ದೆ ಮಿಸ್. ಆನೆ ನೀವು ಉಳ್ಸಿ, ನಮ್ ರಾಗಿ ಯಾರು ಉಳಿಸ್ತಾರೆ?”

ತರಗತಿ ನಕ್ಕಿತು. “ಅದು ಪಾಠದ ಪ್ರಶ್ನೆ ಅಲ್ಲ, ಕೂತ್ಕೊ” ಎಂದೆ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪತ್ರದಲ್ಲಿ ಎರಡೇ ಸಾಲು ಬರೆದರು: ನಿರೂಪಣೆ ಚೆನ್ನಾಗಿದೆ, ಒಬ್ಬ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ದೊರೆತಿಲ್ಲ.

ನಾನು ಕೆ.ಆರ್. ನಗರದ ಕಡೆಯವಳು. ನಮ್ಮಲ್ಲಿ ಆನೆಯ ಭಯವಿಲ್ಲ. ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡಿತೆಂಬ ಸುದ್ದಿ ಬಂದರೆ ಸಂಜೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ, ಅಷ್ಟೆ. ರಾಗಿ ಕಾಯುವ ರಾತ್ರಿ ಹೇಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಆದ್ದರಿಂದ ನಾಗರಹೊಳೆಯ ಕೆಲಸಕ್ಕೆ ಕೈಜೋಡಿಸುವ ಊರವರ ಬಳಗವೊಂದರ ಜೊತೆ ಭಾನುವಾರಗಳಂದು ಹೋಗತೊಡಗಿದೆ. ಹೊಗೆಸೊಪ್ಪು ಬೆಳೆಯುವವರು, ಒಬ್ಬರು ನಿವೃತ್ತ ಮೇಷ್ಟ್ರು, ಜೇನುಕುರುಬ ಹಾಡಿಯ ಹಿರಿಯರೊಬ್ಬರು ಅದರಲ್ಲಿದ್ದರು. ಬೇಸಿಗೆಗೆ ಮುಂಚೆ ಬೆಂಕಿರೇಖೆ ಸವರಲು ಇವರು ನೆರವಾಗುತ್ತಾರೆ. ಉಳಿದ ಕಾಲದಲ್ಲಿ ಬೆಳೆ ಕಳೆದುಕೊಂಡವರ ಹೊಲಕ್ಕೆ ಹೋಗಿ, ಫೋಟೊ ತೆಗೆದು, ಪಹಣಿ, ಆಧಾರ್, ಪಾಸ್‌ಬುಕ್ ಹೊಂದಿಸಿ ಪರಿಹಾರದ ಅರ್ಜಿ ಬರೆಸುತ್ತಾರೆ. ಇದೇ ಬಗೆಯ ಕೆಲಸವನ್ನು ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ 2015ರಿಂದ ನಾಗರಹೊಳೆ, ಬಂಡೀಪುರದ ಸುತ್ತ ‘ವೈಲ್ಡ್ ಸೇವೆ’ ಹೆಸರಿನಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದೆ. ಶುಲ್ಕವಿಲ್ಲದ ದೂರವಾಣಿಗೆ ಕರೆ ಮಾಡಿದರೆ ಅವರ ಸಿಬ್ಬಂದಿಯೇ ಹೊಲಕ್ಕೆ ಬರುತ್ತಾರೆ. ಕಾಡಂಚಿನ ಶಾಲೆಗಳಿಗಾಗಿ ಅದೇ ಸಂಸ್ಥೆಯ ‘ವೈಲ್ಡ್ ಶಾಲೆ’ ಕಾರ್ಯಕ್ರಮವೂ ಇದೆ. ಕಾಡಂಚಿನಲ್ಲಿ ಬೋಧನಾಭ್ಯಾಸಕ್ಕೆ ಹೋಗುವ ನಾವು ಇದನ್ನೆಲ್ಲ ಮೊದಲೇ ತಿಳಿದಿರಬೇಕಿತ್ತು.

ಮೂರನೆಯ ಭಾನುವಾರ ಹೋದದ್ದು ಆ ಹುಡುಗನ ಹೊಲಕ್ಕೇ. ಕೊಯ್ಲಿಗೆ ಬಂದಿದ್ದ ರಾಗಿ ಮಲಗಿತ್ತು. ಅವನ ಅಪ್ಪ ಏನೂ ಮಾತಾಡಲಿಲ್ಲ, ಪಾಸ್‌ಬುಕ್ ಹಿಡಿದು ಬದುವಿನ ಮೇಲೆ ನಿಂತಿದ್ದರು. ಹಾಡಿಯ ಹಿರಿಯರು ಹಸಿ ಮಣ್ಣಿನಲ್ಲಿ ಮೂಡಿದ್ದ ಮುಂಗಾಲಿನ ಹೆಜ್ಜೆಯ ಸುತ್ತ ದಾರ ಇಟ್ಟು ಅಳೆದರು. “ಇದರ ಎರಡರಷ್ಟು ಅದರ ಎತ್ತರ, ಕಣವ್ವ” ಎಂದರು. ದಾರ 4 ಅಡಿ 4 ಅಂಗುಲ ಬಂತು. ಎಂದರೆ ಆನೆ ಸುಮಾರು 8 ಅಡಿ 8 ಅಂಗುಲ. ಪಕ್ಕದಲ್ಲೇ ಇದ್ದ ಇನ್ನೊಂದು ಹೆಜ್ಜೆಗೆ ಹುಡುಗ ತಾನೇ ದಾರ ಸುತ್ತಿದ. 2 ಅಡಿ 1 ಅಂಗುಲ. “ಮರಿ ಇತ್ತು ಮಿಸ್” ಎಂದ.

ಮಾರ್ಗದರ್ಶಕರ ಒಪ್ಪಿಗೆ ಪಡೆದು ಅದೇ ಘಟಕವನ್ನು ಎರಡು ಅವಧಿ ಮತ್ತೆ ತೆಗೆದುಕೊಂಡೆ. ಮೈದಾನದಲ್ಲಿ ಸುಣ್ಣದ ಪುಡಿಯಿಂದ 33 ಅಡಿ ಚೌಕ ಹಾಕಿಸಿದೆ. ಅದು ಒಂದು ಗುಂಟೆ, ಅಂಥ 40 ಸೇರಿದರೆ ಎಕರೆ. ತುಳಿದ ಜಾಗವನ್ನು ಅಳೆಯುವುದು, ಅರ್ಜಿ ಬರೆಯುವುದು, ಹೆಜ್ಜೆಯಿಂದ ಎತ್ತರ ಲೆಕ್ಕ ಹಾಕುವುದು ಮೂರು ಗುಂಪುಗಳ ಕೆಲಸ. ದಾರ ಹಿಡಿದವನು ಅವನೇ. ವಿಜ್ಞಾನದ ಅವಧಿಯಲ್ಲಿ ಗಣಿತ, ಕನ್ನಡ ಎರಡೂ ನುಗ್ಗಿದ್ದಕ್ಕೆ ಸಹಪಾಠಿಯೊಬ್ಬರು ಆಕ್ಷೇಪಿಸಿದರು. ನನಗೆ ಅದು ದೋಷವೆನಿಸಲಿಲ್ಲ.

ಎರಡನೆಯ ಅವಧಿಯ ಆರಂಭದಲ್ಲಿ, “ನಿನ್ನ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ” ಎಂದು ಒಪ್ಪಿಕೊಂಡು, ಎಲ್ಲರ ಮುಂದೆ ಅದನ್ನೇ ಕಪ್ಪುಹಲಗೆಯ ಮೇಲೆ ಬರೆದೆ. ಆಮೇಲೆ ನಾನು ಹೆಚ್ಚು ಮಾತಾಡಬೇಕಾಗಲಿಲ್ಲ. ಆನೆ ಕಂದಕ ಎಲ್ಲಿ ಮಣ್ಣು ಕುಸಿದು ಮುಚ್ಚಿದೆ, ಸೋಲಾರ್ ಬೇಲಿಯ ಮೇಲೆ ಮರ ಉರುಳಿಸಿ ಆನೆ ಹೇಗೆ ದಾಟುತ್ತದೆ, ರೈಲು ಕಂಬಿಯ ತಡೆಗೋಡೆ ಎಲ್ಲಿ ನಿಂತಿದೆ ಎಂಬುದನ್ನೆಲ್ಲ ಮಕ್ಕಳೇ ಹೇಳಿದರು. ಆನೆ ದಿನಕ್ಕೆ ನೂರೈವತ್ತು ಕಿಲೊದಷ್ಟು ಮೇವು ತಿನ್ನುತ್ತದೆ, 22 ತಿಂಗಳು ಗರ್ಭ ಹೊರುತ್ತದೆ, 2023ರ ಗಣತಿಯಂತೆ ರಾಜ್ಯದಲ್ಲಿ 6,395 ಆನೆಗಳಿವೆ ಎಂದಾಗ ಹೋದ ಸಲ ಆಕಳಿಸಿದವರೇ ಬರೆದುಕೊಂಡರು. ಒಬ್ಬ ಹುಡುಗಿ, “ಸೊಪ್ಪು ಬೇಯಿಸೋ ಬ್ಯಾರನ್‌ಗೆ ಸೌದೆ ಎಲ್ಲಿಂದ ಬರುತ್ತೆ ಮಿಸ್?” ಎಂದಳು. ಅವಳ ಮನೆಯಲ್ಲೂ ಬ್ಯಾರನ್ ಇದೆ. ಈ ಪ್ರಶ್ನೆಯನ್ನು ನಾನು ಯೋಜಿಸಿರಲಿಲ್ಲ. ಪಿರಿಯಾಪಟ್ಟಣದ ಶಾಲೆಗಳಲ್ಲಿ ಪಾಠವನ್ನು ಇಲ್ಲಿಂದಲೇ ಶುರುಮಾಡಬಹುದು. ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನ ಕಡೆಯಾದರೆ ಹುಲಿ ಮತ್ತು ದನಗಳಿಂದ, ನಮ್ಮೂರಲ್ಲಾದರೆ ಕಬ್ಬಿನ ಗದ್ದೆಯ ಚಿರತೆಯಿಂದ. ಒಂದೇ ಪಾಠಯೋಜನೆಯನ್ನು ನಾಲ್ಕೂ ತಾಲ್ಲೂಕಿಗೆ ನಕಲು ಮಾಡಿಕೊಳ್ಳುವ ನಮ್ಮ ಅಭ್ಯಾಸವನ್ನು ಬಿಡಬೇಕು.

ಘಟಕ ಪರೀಕ್ಷೆಯಲ್ಲಿ “ನಿಮ್ಮ ಊರಿನಲ್ಲಿ ಸಂರಕ್ಷಣೆಯ ಒಂದು ತೊಡಕನ್ನು ವಿವರಿಸಿ” ಎಂದು ಕೇಳಿದ್ದೆ, 4 ಅಂಕ. ಆ ಹುಡುಗ ಬರೆದದ್ದು ಮೂರು ಸಾಲು: ಆನೆಗೆ ಮರಿ ಇತ್ತು, ಅದಕ್ಕೂ ಹಸಿವು. ನಮಗೂ ರಾಗಿ ಬೇಕು. ಅರ್ಜಿ ಕೊಟ್ಟು ಐದು ವಾರ ಆಯಿತು, ದುಡ್ಡು ಬಂದಿಲ್ಲ. ಮಾದರಿ ಉತ್ತರದ ಒಂದು ಅಂಶವೂ ಅದರಲ್ಲಿರಲಿಲ್ಲ. ಮಾರ್ಗದರ್ಶಕರೂ ನಾನೂ ಬಹಳ ಹೊತ್ತು ಚರ್ಚಿಸಿ 4 ಅಂಕ ಹಾಕಿದೆವು.