ವಸ್ತಿ ಟ್ರಾಲಿಗೆ ಯಾವ ಹೊದಿಕೆ?

ತೊಗರಿ ರಾಶಿ ಹೊತ್ತಿನಲ್ಲಿ ಹೊಲದಾಗ ವಸ್ತಿ ಇರೋದು ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೊಸದೇನಲ್ಲ. ಮೊದಲು ಬಂಡಿ ಮೇಲೆ ಬಿದಿರು ಬಗ್ಗಿಸಿ ಕಮಾನು ಕಟ್ಟುತ್ತಿದ್ದರು. ಈಗ ಟ್ರಾಲಿ ಮೇಲೆ ಕಬ್ಬಿಣದ ಆಂಗಲ್ ಚೌಕಟ್ಟು ನಿಲ್ಲಿಸಿ, ಮಕ್ಕಳು-ಮರಿ ಮಲಗುವಷ್ಟು ಜಾಗ ಮಾಡಿಕೊಳ್ಳುತ್ತಾರೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ನದಿ ದಂಡೆಯ ಜನ ಮನೆ ಬಿಟ್ಟು ಎತ್ತರದ ಜಾಗಕ್ಕೆ ಬರಬೇಕಾಯಿತು. ಅಂಥ ಹೊತ್ತಿಗೂ ಇದು ಬೇಕಾಗುವ ವಸ್ತು. ಚೌಕಟ್ಟನ್ನು ಯಾವ ವೆಲ್ಡರನೂ ಮಾಡಿಕೊಡ್ತಾನ. ಹೊದಿಕೆಯನ್ನು ಮಾತ್ರ ನಾವೇ ವಿಚಾರ ಮಾಡಿ ತರಬೇಕು.

ಮೊದಲು ತೂಕದ ಲೆಕ್ಕ. ಹತ್ತಡಿ ಉದ್ದ, ಆರಡಿ ಅಗಲ, ಆರಡಿ ಎತ್ತರ ಅಂದರೆ ಮಾಡು, ನಾಲ್ಕು ಬದಿ ಸೇರಿ ಸುಮಾರು 250 ಚದರಡಿ. ಅರ್ಧ ಮಿಲಿಮೀಟರ್ ದಪ್ಪದ ಜಿಐ ಪತ್ರಾ ಪೂರ್ತಿ ಹೊದಿಸಿದರೆ 90 ಕಿಲೋ ದಾಟತದ. 12 ಮಿಲಿಮೀಟರ್ ಪ್ಲೈವುಡ್ ಆದರೆ ಅದರ ಹತ್ತಿರ ಹತ್ತಿರ ಎರಡು ಪಟ್ಟು. 250 ಜಿಎಸ್‌ಎಂ ತಾಡಪತ್ರಿ ಬರೀ ಆರು ಕಿಲೋ. ತೂಕ ಎತ್ತರದಲ್ಲಿ ಕೂತಷ್ಟೂ ಹೊಲದ ಬದುವು ಹತ್ತಿಳಿಯುವಾಗ ಟ್ರಾಲಿ ವಾಲುತ್ತದೆ, ನೆನಪಿರಲಿ.

ಹಾಗಂತ ಮಾಡಿಗೂ ತಾಡಪತ್ರಿಯೇ ಸಾಕು ಅನ್ನುವಂತಿಲ್ಲ. 2014ರ ಫೆಬ್ರವರಿ-ಮಾರ್ಚಿನಲ್ಲಿ ಬಿದ್ದ ಆನೆಕಲ್ಲು ಮಳಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ಅಭಿಪ್ರಾಯ ಇಷ್ಟು: ಮಾಡಿಗೆ ಪತ್ರಾ, ಬದಿಗೆ ತಾಡಪತ್ರಿ.

ಪತ್ರಾ ಸೋರುವುದು ಹಾಳೆಯಿಂದಲ್ಲ, ತೂತಿನಿಂದ. ಅಲೆಯ ಏರಿನ ಮೇಲೆ ತೂತು ಹಾಕಿ, ರಬ್ಬರ್ ವಾಷರ್ ಕೊಟ್ಟು ಸ್ಕ್ರೂ ಬಿಗಿಯಬೇಕು. ತಗ್ಗಿನಲ್ಲಿ ಹಾಕಿದರೆ ಅಲ್ಲೇ ನೀರು ನಿಂತು ಒಳಗ ಇಳೀತದ. ಅಲೆ ಮುಂದಿನಿಂದ ಹಿಂದಕ್ಕೆ ಬರುವಂತೆ ಉದ್ದನೆಯ ಇಡೀ ಹಾಳೆ ಹಾಕಿದರೆ ಅಡ್ಡ ಜೋಡಣೆಯೇ ಬರುವುದಿಲ್ಲ, ಓಡುವಾಗ ಗಾಳಿ ಸಂದಿಗೆ ಹೊಕ್ಕು ಎತ್ತುವುದೂ ಇಲ್ಲ. ಹಿಂದಕ್ಕೆ ಮೂರು ಬೆರಳಷ್ಟಾದರೂ ಇಳಿಜಾರು ಇರಲಿ. ಜಿಐ ಪತ್ರಾವನ್ನು ವೆಲ್ಡಿಂಗ್ ಮಾಡಿಸಬೇಡಿ. ಮೇಲಿನ ಸತುವು ಸುಟ್ಟು ತುಕ್ಕು ಅಲ್ಲಿಂದಲೇ ಸುರುವಾಗುತ್ತದೆ, ಆ ಹೊಗೆಯೂ ಎದೆಗೆ ಕೆಟ್ಟದ್ದು. ಅಲ್ಯುಮಿನಿಯಂ ಪತ್ರಾ ಹಗುರ, ಆದರೆ ಕಬ್ಬಿಣಕ್ಕೆ ನೇರ ತಾಗಿ ಹಸಿ ಇದ್ದರೆ ಅಲ್ಯುಮಿನಿಯಮ್ಮೇ ತಿಂದು ಹೋಗುತ್ತದೆ. ನಡುವೆ ರಬ್ಬರ್ ಪಟ್ಟಿ ಕೊಡಬೇಕು.

ಪತ್ರಾದ ಇನ್ನೊಂದು ತೊಂದರೆ ಕಾವು. 40 ದಾಟುವ ನಮ್ಮ ಬ್ಯಾಸಗಿ ಬಿಸಿಲಿಗೆ ಒಳಗ ಕೂಡಲಿಕ್ಕೆ ಆಗೂದಿಲ್ಲ. ಮೇಲೆ ಬಿಳಿ ಬಣ್ಣ ಬಳಿದು, ಕೆಳಗೆ ನಾಲ್ಕು ಬೆರಳು ಸಂದಿ ಬಿಟ್ಟು ಗೋಣಿತಟ್ಟು ಅಥವಾ ಬಿದಿರ ಚಾಪೆ ಕಟ್ಟಿ. ಡಿಸೆಂಬರ್ ಚಳಿಗೆ ಪತ್ರಾದ ಒಳಮೈ ಬೆವರಿ ಬೆಳಗಿನ ಜಾವ ಹಾಸಿಗೆ ಮೇಲೆ ತೊಟ್ಟಿಕ್ಕುವುದೂ ಇದರಿಂದ ಕಡಿಮೆ ಆಗ್ತದ.

ತಾಡಪತ್ರಿ ಕೊಳ್ಳುವಾಗ ಬಣ್ಣ ನೋಡಬೇಡಿ, ಬಿಸಿಲಿಗೆ ಹಿಡಿದು ನೋಡಿ. ಸಣ್ಣ ಸಣ್ಣ ಬೆಳಕಿನ ಚುಕ್ಕಿ ಕಂಡರೆ ಬೇಡ. ಅದು ಹರಿಯುವುದು ಹೆಚ್ಚಾಗಿ ಆಂಗಲ್ಲಿನ ಚೂಪು ಅಂಚಿಗೆ ಉಜ್ಜಿ. ಹಳೇ ಸೈಕಲ್ ಟ್ಯೂಬ್ ಸೀಳಿ ಅಂಚಿಗೆಲ್ಲ ಸುತ್ತಿದರೆ ಬಾಳಿಕೆ ಬರುತ್ತದೆ. ಹತ್ತಿ ಬಟ್ಟೆಯ ದಪ್ಪ ತಾಡಪತ್ರಿ ಗಾಳಿ ಆಡಿಸುತ್ತದೆ, ಸೆಕೆಗೆ ಒಳ್ಳೆಯದು. ಆದರೆ ಹಸಿಯಾಗಿ ಮಡಚಿಟ್ಟರೆ ಕೊಳೆಯುತ್ತದೆ. ಚುನಾವಣೆ ಮುಗಿದ ಮೇಲೆ ಪುಕ್ಕಟೆ ಸಿಗುವ ಫ್ಲೆಕ್ಸ್ ಬ್ಯಾನರ್ ಬಿಸಿಲಿಗೆ ಬಿರುಸಾಗಿ ಸೀಳುತ್ತದೆ, ಬೆಂಕಿ ತಾಗಿದರೆ ವಿಷದ ಹೊಗೆ ಬಿಡುತ್ತದೆ. ಯಾವ ಹೊದಿಕೆ ಇದ್ದರೂ ಒಲೆ, ಸ್ಟೋವ್ ಹೊರಗೇ ಇರಲಿ.

ಪ್ಲೈವುಡ್ ಹಾಕಲೇಬೇಕು ಅನ್ನುವವರು ಐಎಸ್ 710 ಮುದ್ರೆಯ ಹಾಳೆ ಕೇಳಿ, ಕತ್ತರಿಸಿದ ಅಂಚಿಗೆ ಎರಡು ಸಲ ಬಣ್ಣ ಕುಡಿಸಿ. ನೀರು ಹೋಗುವುದು ಅಲ್ಲಿಂದಲೇ.

ಚೌಕಟ್ಟನ್ನು ನಟ್-ಬೋಲ್ಟಿನಲ್ಲಿ ಕೂಡಿಸಿ. ವಾಹನದ ರೂಪ ಕಾಯಂ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯಂತೆ ಒಪ್ಪಿಗೆ ಬೇಕು. ಬಿಚ್ಚಿದರೆ ಟ್ರಾಲಿ ಕಬ್ಬಿಗೂ ಗೊಬ್ಬರಕ್ಕೂ ಆದೀತು. ರಸ್ತೆ ಮೇಲೆ ಓಡುವಾಗ ಒಳಗೆ ಯಾರನ್ನೂ ಕೂಡಿಸಬೇಡಿ. ರಾಶಿ ಮುಗಿದ ಮೇಲೆ ಬದಿಯ ತಾಡಪತ್ರಿ ಬಿಚ್ಚಿ, ಚೆನ್ನಾಗಿ ಒಣಗಿಸಿ, ಇಲಿ ಹತ್ತದ ಹಾಗೆ ಜಂತಿಗೆ ತೂಗುಹಾಕಿ.