ಕ್ವಾಂಟಂ ಸಮೀಕರಣಗಳನ್ನು ಇಂಗ್ಲಿಷಿನಲ್ಲಿ ಓದುವ ಬಗೆ

ಬರೆದಿಟ್ಟ ಸಮೀಕರಣವನ್ನು ಕಣ್ಣು ಒಂದೇ ನೋಟದಲ್ಲಿ ಗ್ರಹಿಸುತ್ತದೆ. ನಾಲಗೆಗೆ ಆ ಅನುಕೂಲವಿಲ್ಲ. ಅದು ಚಿಹ್ನೆಗಳನ್ನು ಒಂದಾದಮೇಲೊಂದರಂತೆ ನುಡಿಯಬೇಕು. ಹಾಗೆ ನುಡಿಯುವಾಗ ಆವರಣ ಎಲ್ಲಿ ಮುಚ್ಚಿತು, ವರ್ಗಚಿಹ್ನೆ ಯಾವುದಕ್ಕೆ ಸೇರಿದುದು ಎಂಬ ವಿವರಗಳು ಕಳೆದುಹೋಗುವುದುಂಟು. ಕನ್ನಡ ಶಾಲೆಯಿಂದ ಕಾಲೇಜಿಗೆ ಬಂದ ವಿದ್ಯಾರ್ಥಿಯು ಸಮೀಕರಣವನ್ನು ತಪ್ಪಿಲ್ಲದೆ ಬರೆದೂ, ಮೌಖಿಕ ಪರೀಕ್ಷೆಯಲ್ಲಿ ಅದನ್ನು ಇಂಗ್ಲಿಷಿನಲ್ಲಿ ಓದಿ ಹೇಳಬೇಕಾದಾಗ ತಡವರಿಸುತ್ತಾನೆ. ಅಂಥವರಿಗಾಗಿ ಕ್ವಾಂಟಂ ಭೌತಶಾಸ್ತ್ರದ ಕೆಲವು ಉಕ್ತಿಗಳನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಅಕ್ಷರಗಳು. ಶ್ರೋಡಿಂಗರನು ೧೯೨೬ರಲ್ಲಿ ತರಂಗಫಲನಕ್ಕೆ ಆರಿಸಿಕೊಂಡ ಗ್ರೀಕ್ ಅಕ್ಷರವನ್ನು 'ಸೈ' ಎಂದು ಓದುವುದು ವಾಡಿಕೆ. ಒಪ್ಪಿಗೆ ಸೂಚಿಸುವ ನಮ್ಮ 'ಸೈ' ಎಂಬ ಮಾತನ್ನು ನೆನೆದರೆ ಉಚ್ಚಾರ ತಪ್ಪದು. 'ಪ್ಸೈ' ಎನ್ನುವವರೂ ಇದ್ದಾರೆ, ಅದೂ ತಪ್ಪಲ್ಲ. ಪ್ಲಾಂಕನ ಸ್ಥಿರಾಂಕವನ್ನು ಎರಡು ಪೈಯಿಂದ ಭಾಗಿಸಿದಾಗ ಬರುವ, ಅಡ್ಡಗೀಟುಳ್ಳ ಅಕ್ಷರ 'ಎಚ್-ಬಾರ್'. ಗುಣಾಕಾರಕ್ಕೆ ನಾವು 'ಇನ್‌ಟು' ಎನ್ನುತ್ತೇವೆ; ನಮ್ಮ ದೇಶದಲ್ಲಿ ಇದು ಎಲ್ಲರಿಗೂ ತಿಳಿಯುತ್ತದೆ. ಇಂಗ್ಲೆಂಡ್, ಅಮೆರಿಕಗಳಲ್ಲಾದರೋ 'ಟೂ ಇನ್‌ಟು ಸಿಕ್ಸ್' ಎಂದರೆ ಆರನ್ನು ಎರಡರಿಂದ ಭಾಗಿಸುವುದೆಂದು ಅರ್ಥ! ಅಲ್ಲಿ 'ಟೈಮ್ಸ್' ಎನ್ನಬೇಕು.

ಶ್ರೋಡಿಂಗರನ ಸಮೀಕರಣದ ಅತಿ ಸಂಕ್ಷಿಪ್ತ ರೂಪವನ್ನು 'ಎಚ್ ಸೈ ಈಕ್ವಲ್ಸ್ ಈ ಸೈ' ಎಂದು ಓದುತ್ತಾರೆ. ಕೇಳಿದವನಿಗೆ ಎರಡೂ ಕಡೆಯ 'ಸೈ'ಯನ್ನು ಹೊಡೆದುಹಾಕಿಬಿಡಬಹುದೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ 'ಎಚ್' ಒಂದು ಸಂಖ್ಯೆಯಲ್ಲ. ಫಲನದ ಮೇಲೆ ಕ್ರಿಯೆ ನಡೆಸುವ ಆಪರೇಟರು. 'ಈ' ಮಾತ್ರ ಸಂಖ್ಯೆ, ಎಂದರೆ ಶಕ್ತಿಯ ಬೆಲೆ. 'ಎಚ್ ಆಕ್ಟಿಂಗ್ ಆನ್ ಸೈ ಈಕ್ವಲ್ಸ್ ಈ ಟೈಮ್ಸ್ ಸೈ' ಎಂದು ಓದಿದರೆ ಈ ಭೇದ ಕಿವಿಗೂ ತಿಳಿಯುತ್ತದೆ.

ಮುಂದಿನದು ಸಂಭಾವ್ಯತೆ. ಮ್ಯಾಕ್ಸ್ ಬಾರ್ನನು ೧೯೨೬ರ ತನ್ನ ಪ್ರಬಂಧದಲ್ಲಿ ಸಂಭಾವ್ಯತೆಯನ್ನು ತರಂಗಫಲನಕ್ಕೇ ಸಂಬಂಧಿಸಿ, ಅಚ್ಚಿನ ಕರಡನ್ನು ತಿದ್ದುವಾಗ ಅಡಿಟಿಪ್ಪಣಿಯೊಂದನ್ನು ಸೇರಿಸಿ, ಅದು ವರ್ಗಕ್ಕೆ ಅನುಪಾತದಲ್ಲಿದೆಯೆಂದು ತಿಳಿಸಿದನು. ೧೯೫೪ರ ನೊಬೆಲ್ ಪಾರಿತೋಷಕಕ್ಕೆ ಕಾರಣವಾದ ವಿಚಾರ ಹೀಗೆ ಅಡಿಟಿಪ್ಪಣಿಯಲ್ಲಿ ಹುಟ್ಟಿತು. ಅಲ್ಲಿಯೂ ಬರಿಯ 'ವರ್ಗ' ಸಾಲದು. 'ಸೈ'ಯ ಬೆಲೆ ಸಮ್ಮಿಶ್ರ ಸಂಖ್ಯೆಯಾಗಬಹುದಷ್ಟೆ. ಅದು 'ಐ'ಯ ಅರ್ಧವಾಗಿದ್ದರೆ 'ಸೈ ಸ್ಕ್ವೇರ್ಡ್' ಋಣ ಕಾಲು. ಸಂಭಾವ್ಯತೆ ಋಣವಾಗುವುದು ಅಸಂಗತ. 'ಮಾಡ್ ಸೈ ಸ್ಕ್ವೇರ್ಡ್' ಎಂದರೆ ಧನ ಕಾಲು ದೊರೆಯುತ್ತದೆ. ಆದುದರಿಂದ 'ಮಾಡ್' ಎಂಬ ಪುಟ್ಟ ಮಾತನ್ನು ನುಂಗಬಾರದು. ಮೊದಲು ವರ್ಗಮಾಡಿ ಅನಂತರ ಮಾಡ್ಯುಲಸ್ ತೆಗೆದರೂ, ಕ್ರಮವನ್ನು ಹಿಂದುಮುಂದಾಗಿಸಿದರೂ ಇಲ್ಲಿ ಉತ್ತರ ಒಂದೇ.

ಸರಾಸರಿಯ ವಿಷಯದಲ್ಲಿ ಹಾಗಲ್ಲ. 'ಎಕ್ಸ್‌ಪೆಕ್ಟೇಷನ್ ವ್ಯಾಲ್ಯೂ ಆಫ್ ಎಕ್ಸ್ ಸ್ಕ್ವೇರ್ಡ್' ಎಂದು ಒಬ್ಬನು ಒಂದೇ ಉಸಿರಿನಲ್ಲಿ ಹೇಳಿದನೆನ್ನೋಣ. ವರ್ಗವು ಯಾವುದರದು? ಕಣವೊಂದು ೧ ಸೆಂಟಿಮೀಟರ್ ದೂರದಲ್ಲಾಗಲಿ ೩ ಸೆಂಟಿಮೀಟರ್ ದೂರದಲ್ಲಾಗಲಿ ಸಮಾನ ಸಂಭಾವ್ಯತೆಯಿಂದ ದೊರೆಯುವುದೆಂದು ಭಾವಿಸಿ. ಸರಾಸರಿ ದೂರ ೨. ಅದರ ವರ್ಗ ೪. ದೂರಗಳ ವರ್ಗಗಳಾದರೋ ೧ ಮತ್ತು ೯. ಅವುಗಳ ಸರಾಸರಿ ೫. ಐದರಿಂದ ನಾಲ್ಕನ್ನು ಕಳೆದರೆ ಉಳಿಯುವ ೧ರ ವರ್ಗಮೂಲವೇ ಕಣದ ಸ್ಥಾನದ ಅನಿಶ್ಚಿತತೆ. ಈ ಎರಡು ಉಕ್ತಿಗಳನ್ನೂ ಒಂದೇ ರೀತಿ ಓದಿದವನ ಬಾಯಲ್ಲಿ ವ್ಯತ್ಯಾಸ ಸೊನ್ನೆಯಾಗುತ್ತದೆ. ಹೈಸನ್‌ಬರ್ಗನು ೧೯೨೭ರಲ್ಲಿ ಮುಂದಿಟ್ಟ ಅನಿಶ್ಚಿತತಾ ತತ್ತ್ವಕ್ಕೆ ನೆಲೆಯೇ ಇಲ್ಲದಂತಾಗುತ್ತದೆ. ನಾಲ್ಕನ್ನು 'ದಿ ಸ್ಕ್ವೇರ್ ಆಫ್ ದಿ ಎಕ್ಸ್‌ಪೆಕ್ಟೇಷನ್ ವ್ಯಾಲ್ಯೂ ಆಫ್ ಎಕ್ಸ್' ಎಂದೂ, ಐದನ್ನು 'ದಿ ಎಕ್ಸ್‌ಪೆಕ್ಟೇಷನ್ ವ್ಯಾಲ್ಯೂ ಆಫ್ ದಿ ಸ್ಕ್ವೇರ್ ಆಫ್ ಎಕ್ಸ್' ಎಂದೂ ಓದುವುದೇ ಸರಿ. ಮಾತು ಉದ್ದವಾದೀತು, ಆಗಲಿ.

ಡಿರಾಕನು ೧೯೩೯ರಲ್ಲಿ ಬಳಕೆಗೆ ತಂದ ಸಂಕೇತಗಳ ಹೆಸರು ತಮಾಷೆಯಾಗಿದೆ: 'ಬ್ರಾಕೆಟ್' ಎಂಬ ಪದವನ್ನೇ ಮುರಿದು ಎಡಭಾಗವನ್ನು 'ಬ್ರಾ' ಎಂದೂ ಬಲಭಾಗವನ್ನು 'ಕೆಟ್' ಎಂದೂ ಕರೆದನು. ಎರಡೂ ಕೂಡಿದಾಗ 'ದಿ ಇನ್ನರ್ ಪ್ರಾಡಕ್ಟ್ ಆಫ್ ಫೈ ಅಂಡ್ ಸೈ' ಎನ್ನಬಹುದು. ಎಡದ ಹೆಸರನ್ನೇ ಮೊದಲು ಹೇಳಬೇಕು. ಅದಲುಬದಲಾದರೆ 'ಐ'ಯ ಚಿಹ್ನೆ ತಿರುಗಿದ ಸಂಖ್ಯೆ ಬರುತ್ತದೆ.

ಕ್ರಮದ ಮಹತ್ತ್ವವನ್ನು ಸಾರುವ ಸಮೀಕರಣವೊಂದು ಗಾಟಿಂಗೆನ್ ನಗರದಲ್ಲಿ ಬಾರ್ನನ ಸಮಾಧಿಯ ಕಲ್ಲಿನ ಮೇಲಿದೆ. ೧೯೩೫-೩೬ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿದ್ದ ಬಾರ್ನನೇ ಈತ. ಅದನ್ನು 'ಪಿ ಕ್ಯೂ ಮೈನಸ್ ಕ್ಯೂ ಪಿ ಈಕ್ವಲ್ಸ್ ಎಚ್ ಓವರ್ ಟೂ ಪೈ ಐ' ಎಂದು ಓದಬೇಕು. 'ಪಿ' ಸಂವೇಗ, 'ಕ್ಯೂ' ಸ್ಥಾನ. ಇವು ಸಾಮಾನ್ಯ ಸಂಖ್ಯೆಗಳಾಗಿದ್ದರೆ ಎಡಪಾರ್ಶ್ವ ಸೊನ್ನೆಯಾಗುತ್ತಿತ್ತು. 'ಓವರ್' ಎಂದ ಬಳಿಕ 'ಟೂ ಪೈ ಐ' ಎಂಬ ಮೂರನ್ನೂ ಒಟ್ಟಿಗೆ ನುಡಿಯಬೇಕು. 'ಟೂ' ಎಂದು ನಿಂತರೆ ಉಳಿದೆರಡೂ ಛೇದದಿಂದ ಹೊರಬೀಳುತ್ತವೆ.