ಹೆಸರೋ, ಬೆಲೆಯೋ?

ರಾಣೆಬೆನ್ನೂರಿನ ಸಮೀಪದ ರೈತನೊಬ್ಬನು 12 ಕ್ವಿಂಟಲ್ ಒಣಮೆಣಸಿನಕಾಯಿಯನ್ನು ಬ್ಯಾಡಗಿಯ ಪೇಟೆಗೆ ಕಳುಹಿಸಿದನೆಂದು ಭಾವಿಸೋಣ. ಒಂದು ಕ್ವಿಂಟಲಿನ ಧಾರಣೆಯನ್ನು ‘ದ’ ಎಂಬ ಅಕ್ಷರದಿಂದ ಸೂಚಿಸಿದರೆ ಅವನಿಗೆ ಬರಬೇಕಾದ ಹಣ 12ದ ರೂಪಾಯಿ. ಧಾರಣೆ 20,000 ಆಗಿದ್ದರೆ ಈ ಮೊತ್ತ 2,40,000 ಆಗುತ್ತದೆ.

ಈಗ ರೈತನು ದಲಾಲರ ಅಂಗಡಿಗೆ ಚೀಟಿ ಬರೆದು, “ಧಾರಣೆಯು ಕ್ವಿಂಟಲಿಗೆ ಒಂದು ರೂಪಾಯಿ ಏರಿದರೆ ನನಗೆಷ್ಟು ಹೆಚ್ಚು ದೊರೆಯುವುದು?” ಎಂದು ಕೇಳುತ್ತಾನೆ. ಚೀಟಿಯಲ್ಲಿ 12ದ ಎಂದಿದ್ದರೆ ಗುಮಾಸ್ತನು ಒಡನೆಯೇ “12 ರೂಪಾಯಿ” ಎಂದಾನು. ಅದರ ಬದಲು 2,40,000 ಎಂಬ ಸಂಖ್ಯೆಯೊಂದೇ ಇದ್ದರೆ? ಅದರಲ್ಲಿ ಧಾರಣೆಯ ಹೆಸರೇ ಇಲ್ಲ. ಇಲ್ಲದ ಧಾರಣೆ ಏರುವುದಾದರೂ ಹೇಗೆ?

ಬೀಜಗಣಿತವನ್ನು ಮಾಡುವ ಗಣಕದ ಕ್ರಮವಿಧಿಗಳಲ್ಲಿಯೂ ಇದೇ ತೊಡಕು ಏಳುತ್ತದೆ. ಮ್ಯಾಕ್ಸಿಮಾ ಎಂಬುದು ಅಂತಹ ಒಂದು ಕ್ರಮವಿಧಿ. ಇದರ ಮೂಲವಾದ ಮ್ಯಾಕ್ಸೈಮಾ ಎಂಬ ಕ್ರಮವಿಧಿಯನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1968ರಲ್ಲಿ ಆರಂಭಿಸಲಾಯಿತು. 1998ರಲ್ಲಿ ವಿಲಿಯಂ ಶೆಲ್ಟರ್ ಅವರು ಅನುಮತಿ ಪಡೆದು ಅದನ್ನು ಸರ್ವರಿಗೂ ಮುಕ್ತವಾಗಿ ದೊರೆಯುವಂತೆ ಮಾಡಿದರು. ವಿದ್ಯಾರ್ಥಿಗಳು ಇದನ್ನು ಹಣ ತೆರದೆ ಪಡೆಯಬಹುದು.

ಇದರಲ್ಲಿ ‘ದ : 20000’ ಎಂದು ಬರೆದರೆ ದ ಎಂಬ ಹೆಸರಿಗೆ ಆ ಬೆಲೆಯು ಅಂಟಿಕೊಳ್ಳುತ್ತದೆ. (ಯಂತ್ರದಲ್ಲಿ ಆಜ್ಞೆಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯಬೇಕು; ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ.) ಅನಂತರ ಅವಕಲನ ಮಾಡುವ ಆಜ್ಞೆಯನ್ನು ಕೊಡೋಣ:

ಡಿಫ್(12*ದ, ದ)

ಉತ್ತರ 12 ಬರುವುದೆಂದು ನಾವು ನಿರೀಕ್ಷಿಸುತ್ತೇವೆ. ಆದರೆ ಯಂತ್ರವು ದೋಷವನ್ನು ಸೂಚಿಸಿ ನಿಂತುಬಿಡುತ್ತದೆ. ಕಾರಣವಿಷ್ಟೆ: ಆಜ್ಞೆಯು ಕೆಲಸಕ್ಕೆ ತೊಡಗುವ ಮುನ್ನವೇ ಆವರಣದೊಳಗಿನ ಪ್ರತಿಯೊಂದು ಬೀಜೋಕ್ತಿಯ ಬೆಲೆಯನ್ನೂ ಕಟ್ಟಲಾಗುತ್ತದೆ. ಡಿಫ್‌ಗೆ ತಲಪುವುದು 240000 ಮತ್ತು 20000 ಎಂಬ ಎರಡು ಸಂಖ್ಯೆಗಳು ಮಾತ್ರ. ಸಂಖ್ಯೆಯನ್ನು ಚರವೆಂದು ಅದು ಒಪ್ಪುವುದಿಲ್ಲ.

ಬೆಲೆ ಕಟ್ಟುವುದನ್ನು ತಡೆಯಲು ಹೆಸರಿನ ಹಿಂದೆ ಒಂಟಿ ಉದ್ಧರಣ ಚಿಹ್ನೆಯನ್ನು ಹಾಕಬೇಕು. “ಇದನ್ನು ಬಿಚ್ಚದೆ ಹಾಗೆಯೇ ಒಯ್ಯಿ” ಎಂದು ಅದರ ಅರ್ಥ.

ಡಿಫ್('(12*ದ), 'ದ)

ಈಗ 12 ಎಂಬ ಸರಿಯುತ್ತರ ಬರುತ್ತದೆ. ಆದರೆ ಚಿಹ್ನೆಯನ್ನು ಎರಡನೆಯದಕ್ಕೆ ಮಾತ್ರ ಹಾಕಿ, ಮೊದಲನೆಯದಕ್ಕೆ ಮರೆತರೆ? ಆಗ 240000 ಎಂಬ ಸ್ಥಿರಸಂಖ್ಯೆಯ ಅವಕಲನ ನಡೆದು ಉತ್ತರ 0 ಬರುತ್ತದೆ. ಧಾರಣೆ ಎಷ್ಟೇ ಏರಲಿ, ರೈತನಿಗೆ ಕಾಸೂ ಹೆಚ್ಚಿಲ್ಲವೆಂದಂತಾಯಿತು! ಇಲ್ಲಿ ಯಂತ್ರವು ಯಾವ ದೋಷವನ್ನೂ ಸೂಚಿಸುವುದಿಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರಿಸಿತು. ನಾವು ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು. ದೋಷ ತೋರಿ ನಿಲ್ಲುವ ಯಂತ್ರಕ್ಕಿಂತ ಸದ್ದಿಲ್ಲದೆ ತಪ್ಪಿಸುವ ಲೆಕ್ಕವೇ ಹೆಚ್ಚು ಅಪಾಯಕರ.

ಎಲ್ಲ ಆಜ್ಞೆಗಳ ಸ್ವಭಾವವೂ ಒಂದೇ ಅಲ್ಲ. 1ರಿಂದ 3ರವರೆಗಿನ ವರ್ಗಗಳ ಮೊತ್ತ 14 ಎಂಬುದನ್ನು ವಾಚಕರು ಬಲ್ಲರು. ಎಣಿಕೆಯ ಅಕ್ಷರಕ್ಕೆ ಮೊದಲೇ 7 ಎಂಬ ಬೆಲೆಯಿದ್ದರೂ ಮ್ಯಾಕ್ಸಿಮಾದ ‘ಸಮ್’ ಆಜ್ಞೆಯು ಆ ಅಕ್ಷರವನ್ನು ಬಿಚ್ಚದೆ ಹೆಸರಾಗಿಯೇ ಉಳಿಸಿಕೊಂಡು 14 ಎಂದು ಹೇಳುತ್ತದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮೇಪಲ್ ಎಂಬ ಕ್ರಮವಿಧಿಯ ‘ಸಮ್’ ಆದರೋ ಮೊದಲೇ ಬೆಲೆ ಕಟ್ಟಿ, ದೋಷವೆನ್ನುತ್ತದೆ. ಅದರಲ್ಲಿಯೇ ಇರುವ ‘ಆ್ಯಡ್’ ಎಂಬ ಆಜ್ಞೆಗೆ ಈ ತೊಂದರೆಯಿಲ್ಲ.

ಆದುದರಿಂದ ಒಂದು ನಿಯಮವನ್ನು ನೆನಪಿನಲ್ಲಿಡೋಣ. ಅಕ್ಷರವು ಅಕ್ಷರವಾಗಿಯೇ ದುಡಿಯಬೇಕಾದಾಗ ಅದಕ್ಕೆ ಬೆಲೆಯನ್ನು ಅಂಟಿಸಬಾರದು. ಮೊದಲು ಅವಕಲನವೋ ಸಂಕಲನವೋ ಮುಗಿಯಲಿ. ಬೆಲೆಯನ್ನು ಕೊನೆಯಲ್ಲಿ ಆದೇಶಿಸೋಣ. ಶಾಲೆಯಲ್ಲಿ ಕಾಗದದ ಮೇಲೆ ನಾವು ಮಾಡುವುದೂ ಹೀಗೆಯೇ ಅಲ್ಲವೇ?

ಅಭ್ಯಾಸ: ದ ಎಂಬುದಕ್ಕೆ 2 ಎಂಬ ಬೆಲೆಯಿದೆ. ದದ ಘನವನ್ನು ಅವಕಲಿಸುವಾಗ ಚಿಹ್ನೆಯನ್ನು ಮೊದಲನೆಯದಕ್ಕೆ ಮಾತ್ರ ಹಾಕಿದರೆ ಏನಾಗುವುದು? ಎರಡನೆಯದಕ್ಕೆ ಮಾತ್ರ ಹಾಕಿದರೆ? ಮೊದಲು ಕಾಗದದ ಮೇಲೆ ಊಹಿಸಿ, ಅನಂತರ ಯಂತ್ರವನ್ನು ಕೇಳಿರಿ.